ಎತ್ತಿನ ಹಿಂಗಾಲಿನ ಹರಡು

ದಾವಣಗೆರೆ, ಹರಿಹರ ಪ್ರಾಂತಗಳಲ್ಲಿ ಎತ್ತನ್ನು ಕೊಳ್ಳುವವರು ಹಲ್ಲನ್ನೂ ಸುಳಿಯನ್ನೂ ಕೊಂಬನ್ನೂ ಶ್ರದ್ಧೆಯಿಂದ ಪರೀಕ್ಷಿಸುವುದುಂಟು. ಆದರೆ ನೇಗಿಲನ್ನೂ ಗಾಡಿಯನ್ನೂ ಎಳೆಯುವ ಬಲಕ್ಕೆ ಆಧಾರವಾದ ಹಿಂಗಾಲಿನ ಹರಡನ್ನು ನೋಡುವವರು ವಿರಳ.

ಹಿಂಗಾಲಿನ ನಡುವೆ ಹಿಂದಕ್ಕೆ ಚಾಚಿರುವ ಗಂಟನ್ನು ಹಲವರು ಮೊಣಕಾಲೆಂದು ಭಾವಿಸುವರು. ಇದು ಸರಿಯಲ್ಲ. ಮೊಣಕಾಲು ಅದಕ್ಕೂ ಮೇಲೆ, ಹೊಟ್ಟೆಯ ಮಗ್ಗುಲಲ್ಲಿರುವುದು. ಈ ಗಂಟು ಮನುಷ್ಯನ ಪಾದದ ಹರಡಿಗೆ ಸಮನಾದುದು. ಅದರ ಹಿಂದಿನ ಮೊನೆಯೇ ಹಿಮ್ಮಡಿ. ಮನುಷ್ಯನು ಹಿಮ್ಮಡಿಯೂರಿ ನಡೆಯುವನು. ಎತ್ತು ಹಿಮ್ಮಡಿಯನ್ನು ಮೇಲೆತ್ತಿ ಬೆರಳ ತುದಿಯ ಗೊರಸುಗಳ ಮೇಲೆ ನಿಲ್ಲುವುದು.

ದನದ ಹರಡಿನಲ್ಲಿ 5 ಎಲುಬುಗಳು ಬಲವಾದ ಕಟ್ಟುನಾರುಗಳಿಂದ ಬಿಗಿಯಲ್ಪಟ್ಟಿವೆ. ಮೇಲಿನ ಮಾಂಸಖಂಡದಿಂದ ಹುರಿಯಂತೆ ಇಳಿದು ಬಂದ ಸ್ನಾಯುರಜ್ಜು ಹಿಮ್ಮಡಿಯನ್ನು ಎಳೆದೊಡನೆ, ಸನ್ನೆಕೋಲಿನಂತೆ ಕೀಲು ನೆಟ್ಟಗಾಗಿ ದೇಹವು ಮುಂದೊತ್ತಲ್ಪಡುವುದು. ಹಳ್ಳಿಕಾರ್, ಅಮೃತಮಹಲ್ ತಳಿಗಳ ಎತ್ತುಗಳಾದರೂ ಭತ್ತದ ಗದ್ದೆಯ ಕೆಸರಿನಲ್ಲಿಯೂ ಹೇರುಗಾಡಿಯ ಏರಿನಲ್ಲಿಯೂ ಈ ಕೀಲಿನ ಮೇಲೆಯೇ ಹೆಚ್ಚು ಶ್ರಮವನ್ನು ಹೊರಿಸುವುವು.

ಕೊಳ್ಳುವ ಮೊದಲು ಎತ್ತನ್ನು ಸಮನೆಲದಲ್ಲಿ ನಿಲ್ಲಿಸಿ, ಪಕ್ಕದಿಂದಲೂ ಹಿಂದಿನಿಂದಲೂ ನೋಡತಕ್ಕದ್ದು. ಹರಡು ಕಂಬದಂತೆ ನೆಟ್ಟಗಿದ್ದರೆ ಹೆಜ್ಜೆಯ ಪೆಟ್ಟು ತಗ್ಗದೆ ಕೀಲಿಗೆ ತಾಗುವುದು. ಕುಡುಗೋಲಿನಂತೆ ಅತಿಯಾಗಿ ಬಾಗಿದ್ದರೆ ಹಿಂದಿನ ಕಟ್ಟುನಾರುಗಳು ಬಳಲುವುವು. ಎಡಬಲಗಳೆರಡನ್ನೂ ಕೈಯಿಂದ ಮುಟ್ಟಿ ಹೋಲಿಸಬೇಕು. ಅನಂತರ ನಡೆಸಿ, ಕುಂಟುವುದೇ ಎಂಬುದನ್ನು ಗಮನಿಸಬೇಕು.

ಬಾವು ಮೆತ್ತಗಿದ್ದು ನೋವಿಲ್ಲದಿದ್ದರೆ ಕೀಲಿನಲ್ಲಿ ನೀರು ತುಂಬಿರಬಹುದು. ಬಿಸಿಯಾಗಿ ನೋಯುತ್ತಿದ್ದರೆ ಉಳುಕು ಅಥವಾ ಸೋಂಕನ್ನು ಶಂಕಿಸಬೇಕು. ಹಾಸಿಲ್ಲದ ಕಲ್ಲು, ಸಿಮೆಂಟಿನ ನೆಲದಲ್ಲಿ ಮಲಗುವ ದನಗಳ ಹರಡಿನ ಹೊರಮೈ ಉಜ್ಜಿ, ಕೂದಲುದುರಿ ಬಾತುಕೊಳ್ಳುವುದು. ಇದಕ್ಕೆ ಒಣಹುಲ್ಲಿನ ದಪ್ಪ ಹಾಸೇ ಮೊದಲ ಪರಿಹಾರ. ಎಳೆಗರುಗಳಲ್ಲಿ ಹೊಕ್ಕುಳಿನ ಸೋಂಕು ರಕ್ತದ ಮೂಲಕ ಕೀಲಿಗೆ ಇಳಿಯುವುದುಂಟು. ಆದುದರಿಂದ ಕರು ಹುಟ್ಟಿದೊಡನೆ ಹೊಕ್ಕುಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚತಕ್ಕದ್ದು.

ಬಾತ ಹರಡಿಗೆ ಬರೆ ಹಾಕುವ ಪದ್ಧತಿಯು ಸರ್ವಥಾ ಕೂಡದು. ಬರೆಯು ಚರ್ಮವನ್ನು ಸುಡುವುದಲ್ಲದೆ ಕೀಲಿನೊಳಗಿನ ರೋಗವನ್ನು ನೀಗಲಾರದು. ಒಂದು ನೋವಿನ ಮೇಲೆ ಇನ್ನೊಂದು ಹುಣ್ಣು ಸೇರುವುದಷ್ಟೆ. ಮೊದಲು ನೊಗವನ್ನು ಇಳಿಸಿ ವಿಶ್ರಾಂತಿ ಕೊಡಬೇಕು. ಹೊಸ ಉಳುಕಾದರೆ ತಣ್ಣೀರನ್ನು ಸುರಿದು, ವಿಳಂಬವಿಲ್ಲದೆ ಪಶುವೈದ್ಯರಿಗೆ ತೋರಿಸಬೇಕು.

ಗ್ರಾಮದ ಮುಖಂಡರು ಈ ವಿಷಯವನ್ನು ತಮ್ಮ ಕೊಟ್ಟಿಗೆಗಳಲ್ಲಿಯೇ ಮೊದಲು ಆಚರಿಸಿ ತೋರಿದಲ್ಲಿ, ಸೋಮಾರಿಯೆಂದು ಬಾರುಕೋಲಿನ ಏಟು ತಿನ್ನುವ ಅನೇಕ ನಿರಪರಾಧಿ ಎತ್ತುಗಳು ಉಳಿದುಕೊಳ್ಳುವುವು.