ಕುಳಗಿಯಿಂದ ಬೆಟ್ಟದ ದಾರಿ ಹಿಡಿಯುವವರಿಗೆ ಒಂಬತ್ತು ಸೂತ್ರಗಳು

ದಾಂಡೇಲಿಯಿಂದ ಅಂಬಿಕಾನಗರದ ರಸ್ತೆಯಲ್ಲಿ 12 ಕಿ.ಮೀ. ಆಸುಪಾಸು ಹೋದರೆ ಕುಳಗಿ ಸಿಗುತ್ತದೆ. ಅರಣ್ಯ ಇಲಾಖೆಯ ನೇಚರ್ ಕ್ಯಾಂಪ್ ಇರುವುದು ಇಲ್ಲೇ. ಸಿಂಥೇರಿ ರಾಕ್ಸ್, ಕವಳಾ ಗುಹೆ, ನಾಗಝರಿ ಕಣಿವೆ, ಶಿರೋಲಿ ಶಿಖರ ಎಲ್ಲವನ್ನೂ ಇಲ್ಲಿಂದಲೇ ಪ್ಲಾನ್ ಮಾಡಬಹುದು. ವೀಕೆಂಡ್‌ಗೆ ಬಂದವರಲ್ಲಿ ಬಹಳಷ್ಟು ಜನ ಎರಡು ದಿನವನ್ನೂ ರೆಸಾರ್ಟ್‌ನ ಈಜುಕೊಳದಲ್ಲೇ ಕಳೆದು ವಾಪಸಾಗುತ್ತಾರೆ. ನೀವು ಹಾಗೆ ಹೋಗಬೇಡಿ. ಓದು, ಆಫೀಸು, ಟಾರ್ಗೆಟ್‌ಗಳ ನಡುವೆ ಕಷ್ಟಪಟ್ಟು ಉಳಿಸಿದ ರಜೆ ಇದು. ಅದನ್ನು ಪೂರ್ತಿ ಗೆದ್ದು ಬನ್ನಿ.

1. ಮೊದಲು ಪರ್ಮಿಶನ್ ತೆಗೆದುಕೊಳ್ಳಿ.

ಪ್ಲಾನ್ ಆಮೇಲೆ. ದಾಂಡೇಲಿ 1956ರಿಂದಲೇ ವನ್ಯಜೀವಿಧಾಮ. 2007ರಲ್ಲಿ ಅದು ಅಣಶಿ ರಾಷ್ಟ್ರೀಯ ಉದ್ಯಾನದ ಜೊತೆ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಕಾಳಿ ನದಿಯ ಹೆಸರು ಪಡೆಯಿತು. ಇಂಥ ಕಾಡಿಗೆ ಅನುಮತಿ ಇಲ್ಲದೆ ಕಾಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಯಾವ ಟ್ರೇಲ್ ತೆರೆದಿದೆ, ಯಾವುದು ಮುಚ್ಚಿದೆ ಎಂಬುದು ಋತುವಿಗೆ ತಕ್ಕಂತೆ ಬದಲಾಗುತ್ತದೆ. ಹೊರಡುವ ಮುಂಚೆ ಅರಣ್ಯ ಕಚೇರಿಗೆ ಫೋನ್ ಮಾಡಿ ಕೇಳಿ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದ ದೃಶ್ಯ ನೆನಪಿದೆಯಲ್ಲ? ಆಮೇಲೆಯೇ ರಾಜ್ಯದಲ್ಲಿ ಟ್ರೆಕ್‌ಗಳಿಗೆ ಆನ್‌ಲೈನ್ ಬುಕಿಂಗ್ ಬಿಗಿಯಾಯಿತು. ಮೊದಲೇ ಬುಕ್ ಮಾಡಿದವರಿಗೆ ಜಾಗ ಸಿಗುತ್ತದೆ. ಗೇಟಿನ ಮುಂದೆ ನಿಂತು ಚೌಕಾಸಿ ಮಾಡುವವರ ದಿನ ಅಲ್ಲೇ ಮುಗಿಯುತ್ತದೆ.

2. ಕಿಲೋಮೀಟರ್ ನೋಡಿ ಮೋಸಹೋಗಬೇಡಿ, ಗಂಟೆ ಲೆಕ್ಕ ಹಾಕಿ.

ಫೋನ್‌ನಲ್ಲಿ 6 ಕಿ.ಮೀ. ಎಂದು ಕಂಡ ತಕ್ಷಣ ಒಂದು ಗಂಟೆ ಸಾಕು ಎಂದುಕೊಳ್ಳುವುದು ಸಿಟಿ ಅಭ್ಯಾಸ. ಇವತ್ತೇ ಬಿಡಿ. ಸ್ಕಾಟ್ಲೆಂಡ್‌ನ ವಿಲಿಯಂ ನೈಸ್ಮಿತ್ 1892ರಲ್ಲೇ ಒಂದು ಸರಳ ಸೂತ್ರ ಕೊಟ್ಟಿದ್ದಾನೆ: ಪ್ರತಿ 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದರೆ 10 ಕಿ.ಮೀ. ದಾರಿ, 600 ಮೀಟರ್ ಏರು ಇದ್ದರೆ ಮೂರು ಗಂಟೆ. ಅದು ತಂಪು ನಾಡಿನ ಲೆಕ್ಕ. ನಮ್ಮ ಬೆವರು, ಬಿದಿರು ಮೆಳೆ, ಜಾರುವ ಎಲೆಗಳಿಗೆ ಇನ್ನರ್ಧ ಸೇರಿಸಿ, ನಾಲ್ಕೂವರೆ ಗಂಟೆ ಇಟ್ಟುಕೊಳ್ಳಿ. ಊಟ, ಫೋಟೋ, ಹರಟೆಯ ಸಮಯ ಬೇರೆ.

ಮಧ್ಯಾಹ್ನ 2 ಗಂಟೆಗೆ ಎಲ್ಲಿದ್ದರೂ ತಿರುಗಿ ಹೊರಡಿ. ಕಣಿವೆಯಲ್ಲಿ ಸೂರ್ಯ ಬೇಗ ಗುಡ್ಡದ ಹಿಂದೆ ಸರಿಯುತ್ತಾನೆ. ಕಾಡುಕೋಣ, ಕರಡಿ, ಆನೆಗಳ ಓಡಾಟ ಜೋರಾಗುವುದೂ ಸಂಜೆಯ ಹೊತ್ತಿಗೇ. ಗುರಿ ಹತ್ತಿರವಿದೆ ಎಂಬ ಆಸೆಗೆ ಈ ನಿಯಮವನ್ನು ಸಡಿಲಿಸಬೇಡಿ.

3. ಇಳಿಯುವಾಗಲೇ ಏರಿನ ಬಜೆಟ್ ಎತ್ತಿಡಿ.

ಒಂಬತ್ತರಲ್ಲಿ ಇದೇ ಅತಿ ಮುಖ್ಯ ಸೂತ್ರ. ಹೊಸಬರು ಹೆಚ್ಚು ತಪ್ಪುವುದೂ ಇಲ್ಲೇ.

ಚಾರಣ ಎಂದರೆ ಮೊದಲು ಹತ್ತುವುದು, ಆಮೇಲೆ ಇಳಿಯುವುದು ಎಂದು ಎಲ್ಲರ ತಲೆಯಲ್ಲಿದೆ. ಈ ಭಾಗದ ಹೆಸರಾದ ಜಾಗಗಳಲ್ಲಿ ಅದು ತಿರುವುಮುರುವು. ಸಿಂಥೇರಿಯ ಸುಮಾರು 300 ಅಡಿಯ ಬಂಡೆಯನ್ನು ನೋಡಬೇಕಾದರೆ ಮೊದಲು ಮೆಟ್ಟಿಲಿಳಿದು ಕಾನೇರಿ ಹೊಳೆಯ ಹತ್ತಿರ ಹೋಗಬೇಕು. ಕವಳಾದಲ್ಲಿಯೂ ಕಾಡಿನೊಳಗೆ ಇಳಿದು, ಬಗ್ಗಿ ತೆವಳಿಕೊಂಡೇ ಸುಣ್ಣದಕಲ್ಲಿನ ಗುಹೆಯ ಲಿಂಗದ ಮುಂದೆ ತಲುಪಬೇಕು. ಬೆಳಗಿನ ತಂಪಿನಲ್ಲಿ, ಹೊಸ ಉತ್ಸಾಹದಲ್ಲಿ ಇಳಿಯುವುದು ಸಲೀಸು. ಕಾಲು ಓಡುತ್ತದೆ, ನೀರಿನ ಬಾಟಲಿ ಖಾಲಿಯಾಗುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಅದೇ ದಾರಿ ಎದೆಗೆ ಬಂದು ನಿಲ್ಲುತ್ತದೆ.

ಹಾಗಾಗಿ ನೀರಿನ ಮೂರರಲ್ಲಿ ಎರಡು ಪಾಲು ವಾಪಸ್ ದಾರಿಗೆ ಇಡಿ. ಇಳಿಯುವಾಗ ಸಣ್ಣ ಹೆಜ್ಜೆ ಹಾಕಿ, ಮಂಡಿ ಸ್ವಲ್ಪ ಬಗ್ಗಿಸಿ, ಬಿದಿರಿನ ಕೋಲು ಊರಿ. ತೊಡೆಯ ಸ್ನಾಯು ಇಳಿಜಾರಿನಲ್ಲೇ ಹೆಚ್ಚು ಪೆಟ್ಟು ತಿನ್ನುತ್ತದೆ. ಅದರ ನೋವು ಮರುದಿನ ಗೊತ್ತಾಗುತ್ತದೆ. ಸುಲಭದ ಹೊತ್ತಿನಲ್ಲಿ ಕೈ ಬಿಗಿ ಹಿಡಿದವರೇ ಕಷ್ಟದ ಹೊತ್ತಿನಲ್ಲಿ ಮುಂದೆ ಇರುತ್ತಾರೆ. ಪರೀಕ್ಷೆಯ ಮೊದಲ ಒಂದು ಗಂಟೆಗೂ ಈ ಲೆಕ್ಕವೇ ಸರಿ.

4. ಆರು ವಾರ ಮೊದಲೇ ತಯಾರಿ ಶುರು ಮಾಡಿ.

ಹಳಿಯಾಳ ಕುಸ್ತಿಗೆ ಹೆಸರಾದ ಊರು. ಅಲ್ಲಿನ ಪೈಲ್ವಾನ ಜಂಗೀ ಕುಸ್ತಿಯ ದಿನ ಹೊಸ ತಾಕತ್ತು ಹುಡುಕುವುದಿಲ್ಲ. ದಿನಾ ಗರಡಿಯಲ್ಲಿ ಕೂಡಿಟ್ಟದ್ದನ್ನೇ ಕಣಕ್ಕೆ ತರುತ್ತಾನೆ. ನೀವೂ ಕೂಡಿಡಿ. ಲಿಫ್ಟ್ ಬಿಡಿ, ಮೆಟ್ಟಿಲು ಹತ್ತಿ. ವಾರದಲ್ಲಿ ನಾಲ್ಕು ದಿನ 40 ನಿಮಿಷ ಬಿರುಸಾಗಿ ನಡೆಯಿರಿ. ಕೊನೆಯ ಎರಡು ವಾರ ಬೆನ್ನಿಗೆ ಬ್ಯಾಗ್ ಹಾಕಿಕೊಂಡೇ ನಡೆಯಿರಿ. ಹೊಸ ಶೂ ಇದ್ದರೆ ಈಗಲೇ ಹಾಕಿ ಪಳಗಿಸಿ, ಕಾಡಿನಲ್ಲಿ ಮೊದಲ ಸಲ ಬೇಡ.

5. ಋತುವನ್ನು ಓದಿ, ಆಮೇಲೆ ರಜೆ ಹಾಕಿ.

ಹಳಿಯಾಳ, ಮುಂಡಗೋಡದ ಕಡೆ ಎಲೆ ಉದುರುವ ಕಾಡು, ತೇಗ, ಬಿದಿರು. ಜೋಯಿಡಾ ದಾಟಿ ಪಶ್ಚಿಮಕ್ಕೆ ಸರಿದರೆ ನಿತ್ಯಹರಿದ್ವರ್ಣ, ದಟ್ಟ ನೆರಳು, ಭಾರಿ ಮಳೆ. ಒಂದೇ ದಿನದ ಡ್ರೈವ್‌ನಲ್ಲಿ ಎರಡು ಹವಾಮಾನ. ಜೂನ್‌ನಿಂದ ಸೆಪ್ಟೆಂಬರ್ ತನಕ ದಾರಿ ಜಾರುತ್ತದೆ, ಇಂಬಳ ಹತ್ತುತ್ತವೆ, ಹಳ್ಳ ತುಂಬುತ್ತವೆ. ನವೆಂಬರ್‌ನಿಂದ ಫೆಬ್ರವರಿ ನಡಿಗೆಗೆ ಒಳ್ಳೆಯ ಕಾಲ.

ಆದರೆ ಒಣಗಾಲದಲ್ಲಿ ಉಣ್ಣೆ ಹುಳದ ಬಗ್ಗೆ ಎಚ್ಚರ ಇರಲಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣೆಯಿಂದಲೇ ಹರಡುತ್ತದೆ. ಉತ್ತರ ಕನ್ನಡದಲ್ಲೂ ಜೀವ ತೆಗೆದಿದೆ. ತುಂಬು ತೋಳಿನ ಅಂಗಿ ಹಾಕಿ, ಪ್ಯಾಂಟಿನ ಅಂಚನ್ನು ಸಾಕ್ಸ್ ಒಳಗೆ ಸೇರಿಸಿ, ತರಗೆಲೆ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ವಾಪಸಾದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆಯಿರಿ. ಮುಂದಿನ ದಿನಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮೊದಲು ಹೇಳಿ.

6. ದಾರಿ ಬಲ್ಲವರ ಹಿಂದೆ ನಡೆಯಿರಿ.

ಇಟಲಿಯ ಬೆಟ್ಟದ ಹಳ್ಳಿಗಳಲ್ಲಿ ಕೆಂಪು-ಬಿಳಿ ಬಣ್ಣದ ಪಟ್ಟಿಯನ್ನು ಕಲ್ಲಿನ ಮೇಲೆ, ಮರದ ಮೇಲೆ ಬಳಿದಿರುತ್ತಾರೆ. 1863ರಲ್ಲಿ ಟ್ಯೂರಿನ್‌ನಲ್ಲಿ ಹುಟ್ಟಿದ ಇಟಾಲಿಯನ್ ಆಲ್ಪೈನ್ ಕ್ಲಬ್ ಅಲ್ಲಿನ ದಾರಿಗಳಿಗೆ ಗ್ರೇಡ್ ಕೂಡ ಕೊಟ್ಟಿದೆ: ಟಿ ಎಂದರೆ ಸಾಮಾನ್ಯ ಪ್ರವಾಸಿಗೆ, ಇ ಎಂದರೆ ನಡಿಗೆ ಅಭ್ಯಾಸ ಇರುವವರಿಗೆ, ಇಇ ಎಂದರೆ ಪಳಗಿದವರಿಗೆ ಮಾತ್ರ. ಆ ಬಣ್ಣದ ಗುರುತು ನಂಬಿ ಒಬ್ಬರೇ ಹೋಗಬಹುದು. ನಮ್ಮ ಕಾಡಿನಲ್ಲಿ ಆ ಕೆಲಸ ಮಾಡುವವರು ಫಾರೆಸ್ಟ್ ಗಾರ್ಡ್, ವಾಚರ್ ಮತ್ತು ಊರಿನ ಗೈಡ್. ಜೋಯಿಡಾದ ಕುಣಬಿಗಳು, ಗೌಳಿಗಳು, ಸಿದ್ದಿಗಳು ತಲೆಮಾರುಗಳಿಂದ ಈ ಕಾಡಿನೊಂದಿಗೆ ಬದುಕಿದವರು. ಯಾವ ಗೆಡ್ಡೆ ತಿನ್ನಬಹುದು, ಯಾವ ಹಳ್ಳ ಬೇಸಿಗೆಯಲ್ಲೂ ಹರಿಯುತ್ತದೆ, ಆನೆ ಯಾವ ಕಡೆ ದಾಟುತ್ತದೆ ಎಂಬುದು ಅವರಿಗೆ ಬಾಯಿಪಾಠ. ಪ್ರಶ್ನೆ ಕೇಳಿ, ಉತ್ತರ ಪೂರ್ತಿ ಕೇಳಿಸಿಕೊಳ್ಳಿ, ಅವರು ಹೇಳಿದ ಕೂಲಿಯನ್ನು ಚೌಕಾಸಿ ಇಲ್ಲದೆ ಕೊಡಿ. ಗುಂಪಿನಲ್ಲಿ ಅತಿ ನಿಧಾನ ನಡೆಯುವವರನ್ನು ಗೈಡ್ ಹಿಂದೆಯೇ ನಿಲ್ಲಿಸಿ. ಎಲ್ಲರ ವೇಗ ತಾನಾಗಿ ಹೊಂದಿಕೊಳ್ಳುತ್ತದೆ.

7. ಕಾಳಿ ನದಿಗೆ ಇಳಿಯಬೇಡಿ.

ಆಕಾಶದಲ್ಲಿ ಒಂದು ಮೋಡ ಇರದಿದ್ದರೂ ಇಲ್ಲಿ ನೀರು ಏರುತ್ತದೆ. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಇದೆ. ವಿದ್ಯುತ್ ಉತ್ಪಾದಿಸಿ ನೀರು ಬಿಟ್ಟಾಗ ಕೆಳಗಿನ ಬಂಡೆಗಳು ನೋಡುತ್ತಿದ್ದಂತೆ ಮುಳುಗುತ್ತವೆ. ದಾಂಡೇಲಿ ಹತ್ತಿರ ಮೊಸಳೆಗಳೂ ಇವೆ. ನೀರಾಟ ಬೇಕಾದರೆ ಲೈಫ್ ಜಾಕೆಟ್ ಕೊಡುವ, ಅನುಮತಿ ಪಡೆದ ಜಾಗಕ್ಕೆ ಹೋಗಿ. ಸೆಲ್ಫಿಗಾಗಿ ಬಂಡೆ ಹತ್ತಬೇಡಿ.

8. ಬ್ಯಾಗ್ ಹಗುರವಿರಲಿ, ಬಾಯಿ ಮುಚ್ಚಿರಲಿ.

ಮೂರು ಲೀಟರ್ ನೀರು, ಓಆರ್‌ಎಸ್, ಹೆಡ್‌ಲ್ಯಾಂಪ್, ಸೀಟಿ, ಮೊದಲೇ ಡೌನ್‌ಲೋಡ್ ಮಾಡಿದ ನಕ್ಷೆ. ಕಾಡಿನೊಳಗೆ ಸಿಗ್ನಲ್ ನೆಚ್ಚಬೇಡಿ. ಊಟಕ್ಕೆ ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದು ತುಂಡು ಬೆಲ್ಲ: ಕೆಡುವುದಿಲ್ಲ, ಪ್ಯಾಕೆಟ್ ಕಸವೂ ಇಲ್ಲ. ಬ್ಲೂಟೂತ್ ಸ್ಪೀಕರ್ ಮನೆಯಲ್ಲೇ ಇರಲಿ. ನಾಲ್ಕು ಜಾತಿಯ ಮಂಗಟ್ಟೆ ಹಕ್ಕಿಗಳಿರುವ ಕಾಡಿದು. ದೊಡ್ಡ ಮಂಗಟ್ಟೆಯ ರೆಕ್ಕೆಯ ಸದ್ದು ಹಕ್ಕಿಗಿಂತ ಮೊದಲೇ ಕಿವಿಗೆ ಬೀಳುತ್ತದೆ, ಸುಮ್ಮನಿದ್ದವರಿಗೆ ಮಾತ್ರ.

9. "ನನ್ನಿಂದ ಆಗಲ್ಲ" ಎಂಬ ಅಭ್ಯಾಸವನ್ನು ಹಂತಹಂತವಾಗಿ ಮುರಿಯಿರಿ.

ಭರತ ಹುಣ್ಣಿಮೆಯ ಉಳವಿ ಜಾತ್ರೆಗೆ ಬನ್ನಿ. ಚನ್ನಬಸವಣ್ಣನ ಸಮಾಧಿಗೆ ಧಾರವಾಡ, ಬೆಳಗಾವಿ ಸೀಮೆಯಿಂದ ಚಕ್ಕಡಿ ಕಟ್ಟಿಕೊಂಡು, ಕಾಲ್ನಡಿಗೆಯಲ್ಲಿ ದಿನಗಟ್ಟಲೆ ಘಟ್ಟದ ಹಾದಿ ಸವೆಸುವವರಿದ್ದಾರೆ. ಅವರಲ್ಲಿ ವಯಸ್ಸಾದವರಿದ್ದಾರೆ, ಜಿಮ್ ಮುಖ ನೋಡದವರಿದ್ದಾರೆ. ಇವತ್ತು ಎಲ್ಲಿ ತನಕ, ರಾತ್ರಿ ಎಲ್ಲಿ ಬಿಡಾರ ಎಂಬುದು ಅವರಿಗೆ ಸ್ಪಷ್ಟ. ದೊಡ್ಡ ದೂರವನ್ನು ಅವರು ದಿನದ ತುಂಡು ಮಾಡಿ ನಡೆಯುತ್ತಾರೆ.

ನೀವೂ ತುಂಡು ಮಾಡಿ. ಮೊದಲ ಭೇಟಿಯಲ್ಲಿ ಕುಳಗಿ ಕ್ಯಾಂಪ್‌ನ ಸುತ್ತಲಿನ ನಡಿಗೆ, ಅಲ್ಲಿನ ಮಾಹಿತಿ ಕೇಂದ್ರ. ಎರಡನೆಯದಕ್ಕೆ ಸಿಂಥೇರಿ. ಮೂರನೆಯದಕ್ಕೆ ಕವಳಾ. ಶಿರೋಲಿ ಅದರ ನಂತರ, ದಾರಿ ತೆರೆದಿದ್ದರೆ, ಗೈಡ್ ಜೊತೆಗೆ. ಪ್ರತಿ ಸಲವೂ ಹೊರಟ ಸಮಯ, ತಲುಪಿದ ಸಮಯ, ಕುಡಿದ ನೀರು ಬರೆದಿಡಿ. ಮುಂದಿನ ಪ್ಲಾನ್‌ಗೆ ಅದೇ ನಿಮ್ಮ ಡೇಟಾ. ಈಗ ಕ್ಯಾಲೆಂಡರ್ ತೆರೆಯಿರಿ, ನವೆಂಬರ್‌ನ ಒಂದು ಶನಿವಾರ ಗುರುತು ಹಾಕಿ, ಅಲ್ಲಿಂದ ಆರು ವಾರ ಹಿಂದಕ್ಕೆ ಎಣಿಸಿ.