ಮೊದಲು ಆಳ, ಆಮೇಲೆ ಎರೆ: ಗಾಳದ ಸ್ಪರ್ಧೆ ಗೆಲ್ಲುವ ಸೂತ್ರಗಳು

ಊರಿನ ತೋಡಿನಲ್ಲಿ ಬಿದಿರಿನ ಕೋಲು ಹಿಡಿದು ಗಾಳ ಹಾಕುತ್ತಾ ಬೆಳೆದವರು ನವಿ ಮುಂಬಯಿಯ ವಾಶಿ, ನೆರೂಲ್, ಐರೋಲಿ ಕಡೆ ಬೇಕಾದಷ್ಟು ಮಂದಿ ಇದ್ದಾರೆ. ನೀವೂ ಅವರಲ್ಲೊಬ್ಬರಾದರೆ ಆ ಕೈಯನ್ನು ಪೂರ್ತಿ ಲ್ಯಾಪ್‌ಟಾಪಿಗೋ ಹೋಟೆಲಿನ ಗಲ್ಲಾಪೆಟ್ಟಿಗೆಗೋ ಒಪ್ಪಿಸಿಬಿಡಬೇಡಿ. ಸ್ಪರ್ಧೆಗೆ ಇಳಿಯಿರಿ. ಕೆರೆ ಹತ್ತಿರದಲ್ಲೇ ಇದೆ. ಹಾರ್ಬರ್ ಲೈನಿನಲ್ಲಿ ಕುರ್ಲಾ, ಅಲ್ಲಿ ಗಾಡಿ ಬದಲಿಸಿ ಕಾಂಜೂರ್‌ಮಾರ್ಗ್, ಅಲ್ಲಿಂದ ರಿಕ್ಷಾದಲ್ಲಿ ಪೊವಾಯಿ. 1891ರಲ್ಲಿ ಮುಂಬಯಿಗೆ ಕುಡಿಯುವ ನೀರು ಕೊಡಲೆಂದು ಕಟ್ಟಿದ ಕೆರೆ ಅದು. ಕುಡಿಯುವುದಕ್ಕೆ ಆಗಿಬರಲಿಲ್ಲ, ಮೀನಿಗೆ ಆಗಿಬಂತು. ಮಹಾರಾಷ್ಟ್ರ ಸ್ಟೇಟ್ ಆಂಗ್ಲಿಂಗ್ ಅಸೋಸಿಯೇಷನ್ ದಶಕಗಳಿಂದ ಅದರ ದಡದಲ್ಲಿ ನೆಲೆಯೂರಿದೆ. ಕಾಟ್ಲಾ, ರೋಹು, ಮೃಗಾಲ್ ಅಲ್ಲಿಯ ಮುಖ್ಯ ಮೀನುಗಳು.

ಅತ್ತ ಅಮೆರಿಕ, ಕೆನಡಾದ ಮಿಶಿಗನ್, ಒಂಟಾರಿಯೊ ಸರೋವರಗಳಲ್ಲಿ ಸಾಲ್ಮನ್, ಟ್ರೌಟ್‌ಗಾಗಿ ಟ್ರೋಲಿಂಗ್ ಟೂರ್ನಮೆಂಟ್ ನಡೆಯುತ್ತವೆ. ದೋಣಿ ನಿಧಾನಕ್ಕೆ ಓಡುತ್ತಿರುತ್ತದೆ, ಎರೆ ಹಿಂದೆ ನೀರಿನಲ್ಲಿ ಎಳೆದುಕೊಂಡು ಬರುತ್ತದೆ. ಮೀನು ಬೇರೆ, ನೀರು ಬೇರೆ. ಗೆಲ್ಲುವವರ ತಲೆ ಓಡುವ ರೀತಿ ಮಾತ್ರ ಎರಡೂ ಕಡೆ ಒಂದೇ. ಅದನ್ನು ಕಲಿಯಿರಿ.

1. ಆಳ ಗೊತ್ತಾಗುವ ತನಕ ಎರೆಯ ಚಿಂತೆ ಬಿಡಿ.

ಹೊಸಬರು ಕೇಳುವುದು ಯಾವ ಎರೆ ಹಾಕಲಿ ಎಂದು. ಗೆಲ್ಲುವವರು ಕೇಳುವುದು ಮೀನು ಎಷ್ಟು ಅಡಿ ಕೆಳಗಿದೆ ಎಂದು. ಕಾಟ್ಲಾದ ಬಾಯಿ ಮೇಲ್ಮುಖವಾಗಿ ತೆರೆಯುತ್ತದೆ. ಮೇಲ್ಪದರದಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ ಮೀನು ಅದು. ರೋಹು ನಡುನೀರಿನದು. ಮೃಗಾಲ್ ತಳದ ಕೆಸರು ಕೆದಕುತ್ತದೆ. ಮೀನು ಸಾಕುವವರು ಒಂದೇ ಕೊಳದಲ್ಲಿ ಮೂರನ್ನೂ ಬಿಡುವುದು ಇದೇ ಕಾರಣಕ್ಕೆ: ಒಂದರ ಊಟಕ್ಕೆ ಇನ್ನೊಂದು ಹೆಚ್ಚಾಗಿ ಬಾಯಿ ಹಾಕುವುದಿಲ್ಲ. ಹಾಗಾಗಿ ಯಾವ ಮೀನು ಬೇಕೆಂದು ಮೊದಲು ಫಿಕ್ಸ್ ಮಾಡಿಕೊಳ್ಳಿ. ತಂಗೂಸಿಗೆ ಸೀಸದ ಗುಂಡು ಕಟ್ಟಿ ಇಳಿಸಿ, ತಳ ಎಷ್ಟು ಕೆಳಗಿದೆಯೆಂದು ಅಳೆಯಿರಿ. ಮೃಗಾಲ್ ಬೇಕೇ? ಎರೆ ತಳ ಮುಟ್ಟುವಂತೆ ಬೆಂಡನ್ನು ಸರಿಸಿ. ರೋಹು ಬೇಕೇ? ಅರ್ಧದಷ್ಟು ಮೇಲಕ್ಕೆ ತನ್ನಿ. ಅರ್ಧ ಗಂಟೆ ಕಳೆದರೂ ಬೆಂಡು ಅಲ್ಲಾಡಲಿಲ್ಲವೇ? ಒಂದು ಅಡಿ ಬದಲಿಸಿ. ಎರೆ ಹಾಗೇ ಇರಲಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಫಲಿಸಿತೆಂದು ನಿಮಗೇ ತಿಳಿಯುವುದಿಲ್ಲ.

ಮಿಶಿಗನ್‌ನಲ್ಲಿ ನಡೆಯುವುದೂ ಇದೇ ಆಟ. ಬೇಸಿಗೆಯಲ್ಲಿ ಆ ಸರೋವರದ ನೀರು ಪದರ ಪದರವಾಗಿ ನಿಲ್ಲುತ್ತದೆ, ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ. ಚಿನೂಕ್ ಸಾಲ್ಮನ್‌ಗೆ ಹಿತವಾದದ್ದು ಸುಮಾರು 10ರಿಂದ 13 ಡಿಗ್ರಿ ಸೆಲ್ಸಿಯಸ್ ನೀರು. ಲೇಕ್ ಟ್ರೌಟ್ ಇನ್ನೂ ತಣ್ಣಗಿರುವಲ್ಲಿಗೆ ಇಳಿಯುತ್ತದೆ. ಅಲ್ಲಿಯ ಸ್ಪರ್ಧಿಗಳು ಬೆಳಿಗ್ಗೆ ಮೊದಲು ಇಳಿಬಿಡುವುದು ಥರ್ಮಾಮೀಟರನ್ನು. ತಣ್ಣೀರಿನ ಪದರ ಸಿಕ್ಕಿತೆಂದರೆ ಡೌನ್‌ರಿಗ್ಗರ್ ಎಂಬ ರಾಟೆಯಿಂದ ಭಾರವಾದ ಸೀಸದ ಗುಂಡು ಇಳಿಸಿ, ಎರೆ ಅದೇ ಮಟ್ಟದಲ್ಲಿ ಓಡುವಂತೆ ಮಾಡುತ್ತಾರೆ. ದೋಣಿಯ ವೇಗ ಗಂಟೆಗೆ ಮೂರರಿಂದ ಐದು ಕಿಲೋಮೀಟರ್, ಹೆಚ್ಚುಕಡಿಮೆ ನಾವು ನಡೆಯುವಷ್ಟು. ಬಣ್ಣಬಣ್ಣದ ಎರೆಗಳ ಚರ್ಚೆ ಆಮೇಲಿನದು.

2. ಗಾಳಿ ನೋಡಿ ಜಾಗ ಹಿಡಿಯಿರಿ.

ನೆರಳಿದೆ, ಕೂರಲು ಕಲ್ಲಿದೆ ಎಂದು ಜಾಗ ಆರಿಸಬೇಡಿ. ಮೇಲ್ನೀರಿನಲ್ಲಿ ತೇಲುವ ಆಹಾರವನ್ನು ಗಾಳಿ ಎದುರು ದಡಕ್ಕೆ ತಳ್ಳುತ್ತದೆ, ಅದರ ಹಿಂದೆ ಕಾಟ್ಲಾ ಹೋಗುತ್ತದೆ. ಮುಂಬಯಿಯಲ್ಲಿ ಚಳಿಗಾಲದ ಮಧ್ಯಾಹ್ನ ಸಮುದ್ರದ ಗಾಳಿ ಪಶ್ಚಿಮ, ವಾಯವ್ಯದ ಕಡೆಯಿಂದ ಬೀಸುತ್ತದೆ. ಆಗ ಪೂರ್ವದ ದಡಕ್ಕೆ ಬೆಲೆ. ಗಾಳಿ ಮುಖಕ್ಕೇ ಹೊಡೆಯುತ್ತದೆ, ಗಾಳ ಎಸೆಯುವುದು ಕಷ್ಟ. ಕಷ್ಟವೆಂದು ಉಳಿದವರು ಬಿಟ್ಟುಹೋದ ಜಾಗ ನಿಮಗಿರಲಿ.

3. ಬೇಗ ಎದ್ದ ಮಾತ್ರಕ್ಕೆ ಮೀನು ಸಿಗುವುದಿಲ್ಲ.

ಅಲಾರ್ಮ್ ಇಟ್ಟು ಏಳುವವರನ್ನು ಈ ಲೋಕ ಅತಿಯಾಗಿ ಹೊಗಳುತ್ತದೆ. ಪಾಚಿ, ನೀರೊಳಗಿನ ಗಿಡ ತುಂಬಿದ ಕೆರೆಯ ಲೆಕ್ಕ ಬೇರೆ. ರಾತ್ರಿಯಿಡೀ ಗಿಡಗಳೂ ಉಸಿರಾಡಿ ನೀರಿನ ಆಮ್ಲಜನಕ ತೀರಿಸುತ್ತವೆ. ನಸುಕಿಗೆ ಅದು ತೀರಾ ಕಡಿಮೆ. ಸೆಖೆಗಾಲದಲ್ಲಿ ಇನ್ನೂ ಕಡಿಮೆ, ಏಕೆಂದರೆ ಬಿಸಿ ನೀರು ಆಮ್ಲಜನಕವನ್ನು ಅಷ್ಟಾಗಿ ಹಿಡಿದಿಡುವುದಿಲ್ಲ. ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಅದು ಹಸಿವಲ್ಲ, ಉಸಿರುಗಟ್ಟಿದ ಲಕ್ಷಣ. ಅಂಥ ಮೀನು ಎರೆ ಮುಟ್ಟುವುದಿಲ್ಲ. ಬಿಸಿಲೇರಿ ಗಿಡಗಳು ಮತ್ತೆ ಆಮ್ಲಜನಕ ಬಿಡುವ ತನಕ ಕಾಯಿರಿ, ಇಲ್ಲವೇ ತೆರೆದ ನೀರಿನ ಕಡೆ ಸರಿಯಿರಿ.

4. ರೂಲ್ಸ್ ಓದಿ, ಎರಡು ಸಲ ಓದಿ.

ಎಷ್ಟು ರಾಡ್? ಗಾಳ ನೀರಿಗೆ ಬೀಳುವ, ಮೇಲೆತ್ತುವ ಸಮಯ ಯಾವುದು? ಒಟ್ಟು ತೂಕವೋ, ಒಂದೇ ದೊಡ್ಡ ಮೀನೋ? ಉತ್ತರ ಬದಲಾದರೆ ಪ್ಲಾನೂ ಬದಲಾಗಬೇಕು. ಒಟ್ಟು ತೂಕವಾದರೆ ಮೃಗಾಲ್ ಕಡೆ ತಾಳ್ಮೆಯಿಂದ ಕೂರಿ. ದೊಡ್ಡ ಮೀನಾದರೆ ಕಾಟ್ಲಾಕ್ಕೆ ಕಾದು ಬರಿಗೈಯಲ್ಲಿ ಹೋಗುವ ಧೈರ್ಯ ಮಾಡಿ.

5. ಎರೆ ಎರಡೇ ಬಗೆ ಒಯ್ಯಿರಿ.

ಗೋಧಿ ಹಿಟ್ಟಿನ ಗಟ್ಟಿ ಉಂಡೆ ಒಂದು, ಎರೆಹುಳು ಒಂದು. ಮೀನನ್ನು ಒಂದೆಡೆ ಸೇರಿಸಲು ತೌಡು, ಕಡಲೆಕಾಯಿ ಹಿಂಡಿ ಕಲಸಿದ ಉಂಡೆಗಳನ್ನು ಸ್ವಲ್ಪ ಸ್ವಲ್ಪವೇ ಎಸೆಯಿರಿ. ಒಂದೇ ಸಲ ಬುಟ್ಟಿ ಸುರಿದರೆ ಮೀನು ಹೊಟ್ಟೆ ತುಂಬಿಸಿಕೊಂಡು ಹೊರಟುಹೋಗುತ್ತದೆ. ಆಯ್ಕೆ ಹೆಚ್ಚಿದಷ್ಟೂ ಮನಸ್ಸು ಚಂಚಲ.

6. ಗಂಟನ್ನು ನಂಬಬೇಡಿ, ಪರೀಕ್ಷಿಸಿ.

ಹತ್ತು ಕಿಲೋ ತಡೆಯುವ ತಂಗೂಸು ಎಂದು ಪ್ಯಾಕೆಟ್ ಮೇಲೆ ಬರೆದಿರುತ್ತದೆ. ಗಂಟು ಹಾಕಿದ ಕೂಡಲೇ ಆ ಬಲ ಇಳಿಯುತ್ತದೆ. ಗಂಟು ಬಿಗಿಯುವ ಮೊದಲು ಉಗುಳಿನಿಂದ ಒದ್ದೆ ಮಾಡಿ. ಒಣ ನೈಲಾನ್ ಉಜ್ಜಿಕೊಂಡು ಬಿಸಿಯಾಗಿ ಸೊರಗುತ್ತದೆ. ಆಮೇಲೆ ಗುಜರಿ ಕೊಳ್ಳುವ ಭಂಗಾರ್‌ವಾಲಾ ಬಳಸುವಂಥ ಸ್ಪ್ರಿಂಗ್ ತಕ್ಕಡಿಗೆ ಗಾಳ ಸಿಕ್ಕಿಸಿ ರಾಡ್ ಎಳೆಯಿರಿ. ತಂಗೂಸಿನ ಬಲದ ಕಾಲು ಭಾಗಕ್ಕೆ, ಎಂದರೆ ಎರಡೂವರೆ ಕಿಲೋ ಸುಮಾರಿಗೆ, ರೀಲಿನ ಬ್ರೇಕ್ ಆದ ಡ್ರ್ಯಾಗ್ ಜಾರಲು ಶುರುವಾಗಬೇಕು. ದೊಡ್ಡ ರೋಹು ಓಡಿದಾಗ ಅದು ಜಾರಲಿ, ನೀವು ಗಾಬರಿಯಲ್ಲಿ ಬಿಗಿ ಮಾಡಬೇಡಿ. ಸೆಟ್ಟಿಂಗ್ ಮನೆಯಲ್ಲೇ ಆಗಿರಬೇಕು. ಮೀನು ಎಳೆಯುವಾಗ ಮಾಡಿದ ಲೆಕ್ಕ ಲೆಕ್ಕವಲ್ಲ.

7. ಪ್ರಾಕ್ಟೀಸ್ ವಾಶಿಯಲ್ಲೇ ಮಾಡಿ. ಖಾಡಿಯಲ್ಲಲ್ಲ, ಮೈದಾನದಲ್ಲಿ.

ನಿಮ್ಮ ಸೆಕ್ಟರ್‌ನ ಖಾಲಿ ಮೈದಾನಕ್ಕೆ ನಸುಕಿನಲ್ಲಿ ಹೋಗಿ, ವಾಕಿಂಗ್‌ನವರು ಬರುವ ಮುನ್ನ. ಗಾಳ ತೆಗೆದಿಡಿ, ಬರೀ ಸೀಸ ಕಟ್ಟಿ. ಒಂದು ಹಳೆಯ ಬಕೆಟ್ ಇಟ್ಟು ಅದರೊಳಕ್ಕೆ ಬೀಳುವಂತೆ ಎಸೆಯಿರಿ. ದೂರ ಎಸೆಯುವ ಗೀಳು ಬೇಡ. ಎಸೆದಲ್ಲಿಗೇ ಮತ್ತೆ ಮತ್ತೆ ಬೀಳಬೇಕು, ಏಕೆಂದರೆ ನಿಮ್ಮ ತೌಡಿನ ಉಂಡೆಗಳು ಬಿದ್ದಿರುವುದು ಅಲ್ಲಿ. ಖಾಡಿಗೆ, ಅಂದರೆ ಕಡಲ ಹಿನ್ನೀರಿಗೆ, ಮಾತ್ರ ಇಳಿಯಬೇಡಿ. ಐರೋಲಿ ಸೇತುವೆಗೂ ವಾಶಿ ಸೇತುವೆಗೂ ನಡುವೆ 2015ರಲ್ಲಿ ಘೋಷಿಸಿದ ಠಾಣೆ ಖಾಡಿ ಫ್ಲೆಮಿಂಗೊ ಅಭಯಾರಣ್ಯವಿದೆ. 2022ರಲ್ಲಿ ಅದು ಅಂತರರಾಷ್ಟ್ರೀಯ ಜೌಗುಪ್ರದೇಶಗಳ ರಾಮ್‌ಸರ್ ಪಟ್ಟಿಗೂ ಸೇರಿತು.

ಖಾಡಿಯ ಜನರಿಂದ ಕಲಿಯಲು ಅಡ್ಡಿಯಿಲ್ಲ. ವಾಶಿ ಗಾಂವ್‌ನ ಕೋಲಿ ಮೀನುಗಾರ ಸಮುದಾಯದ ಹಿರಿಯರೊಬ್ಬರನ್ನು "ಕಾಕಾ" ಎಂದು ಮಾತಿಗೆಳೆಯಿರಿ. ತಿಥಿ ಹೇಳಿದರೆ ಸಾಕು, ಇವತ್ತು ನೀರು ಎಷ್ಟು ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಹೇಳಿಬಿಡುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಉಧಾಣ ಎಂಬ ದೊಡ್ಡ ಉಬ್ಬರ, ಅಷ್ಟಮಿಯ ಸುಮಾರಿಗೆ ಭಾಂಗ್ ಎಂಬ ಸಣ್ಣ ಉಬ್ಬರ. ಕೆರೆಗೆ ಉಬ್ಬರ ಇಳಿತ ಇಲ್ಲ, ನಿಜ. ನೀವು ಕಲಿಯಬೇಕಾದದ್ದು ನೀರನ್ನು ದಿನವೂ ಗಮನಿಸಿ ನೆನಪಿಡುವ ಅವರ ಅಭ್ಯಾಸವನ್ನು.

8. ಎಕ್ಸೆಲ್ ಶೀಟ್ ಇಡಿ.

ಆಫೀಸಿನಲ್ಲಿ ಬೇರೆಯವರಿಗಾಗಿ ಹೇಗೂ ಮಾಡುತ್ತೀರಿ. ಇಲ್ಲಿ ನಿಮಗಾಗಿ ಮಾಡಿ. ಸಮಯ, ಗಾಳಿಯ ದಿಕ್ಕು, ನೀರಿನ ಬಣ್ಣ, ಆಳ, ಎರೆ, ಸಿಕ್ಕ ಮೀನು: ಇಷ್ಟೇ ಕಾಲಂ. ಏನೂ ಸಿಗದ ದಿನವನ್ನೂ ಬರೆಯಿರಿ. ನೋಡಿ ಬರೆದಿಡುವ ಚಾಳಿ ನಮ್ಮ ಕಡೆಗೆ ಹೊಸತಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲೇ 'ದಿ ರಾಡ್ ಇನ್ ಇಂಡಿಯಾ' ಎಂಬ ಗಾಳದ ಪುಸ್ತಕ ತಂದ. ಕಲೆಕ್ಟರ್ ಕೆಲಸದ ನಡುವೆ ಅವನಿಗೆ ಪುರುಸೊತ್ತು ಸಿಕ್ಕಿತ್ತು. ನಿಮಗೆ ಆರು ಕಾಲಂ ತುಂಬಿಸಲು ಸಿಗದೇ?

9. "ನಂಗೆ ಲಕ್ ಇಲ್ಲ" ಅನ್ನುವುದನ್ನು ನಿಲ್ಲಿಸಿ.

ಅದು ಉಗುರು ಕಚ್ಚುವಂಥ ಚಟ, ಬಿಡಿಸಬಹುದು. ಅನುಮಾನ ಬಂದಾಗ ವಾಚ್ ನೋಡಿ, ಮುಂದಿನ ಅರ್ಧ ಗಂಟೆ ಏನು ಮಾಡುತ್ತೇನೆಂದು ಬಾಯಿಬಿಟ್ಟು ಹೇಳಿ, ಅಷ್ಟನ್ನೇ ಮಾಡಿ. ಪಕ್ಕದವನ ಬುಟ್ಟಿ ನೋಡಬೇಡಿ. ಮಿಶಿಗನ್‌ನ ಸಾಲ್ಮನ್ ಟೂರ್ನಮೆಂಟ್‌ಗಳ ಬೇರು ಹುಡುಕಿದರೆ ಅಲ್ಲೂ ಅನುಮಾನ ಮೀರಿದ ಒಬ್ಬ ಅಧಿಕಾರಿ ಸಿಗುತ್ತಾನೆ. 1960ರ ದಶಕದಲ್ಲಿ ಆ ಸರೋವರದ ತುಂಬಾ ಅಲ್‌ವೈಫ್ ಎಂಬ ಸಣ್ಣ ಮೀನು ಮಿತಿಮೀರಿ ಬೆಳೆದು, ಸತ್ತು, ರಾಶಿ ರಾಶಿಯಾಗಿ ದಡಕ್ಕೆ ಬೀಳುತ್ತಿತ್ತು. ಮಿಶಿಗನ್ ರಾಜ್ಯದ ಮೀನುಗಾರಿಕೆ ವಿಭಾಗದ ಮುಖ್ಯಸ್ಥ ಹೊವರ್ಡ್ ಟ್ಯಾನರ್ ಅದನ್ನು ಕಸವೆಂದು ನೋಡಲಿಲ್ಲ, ಸಾಲ್ಮನ್‌ಗೆ ಊಟವೆಂದು ನೋಡಿದ. 1966ರಲ್ಲಿ ಪೆಸಿಫಿಕ್ ಕಡಲಿನ ಕೊಹೊ ಸಾಲ್ಮನ್ ಮರಿಗಳನ್ನು ಬಿಡಿಸಿದ, ಮರುವರ್ಷ ಚಿನೂಕ್ ಬಂತು. ಕಡಲ ಮೀನು ಸಿಹಿನೀರಿನಲ್ಲೇ ಬೆಳೆದು ದೊಡ್ಡದಾಯಿತು.

10. ಮೀನು ಬದುಕಿದ್ದರೇ ಗೆಲುವು.

ಹಿಡಿದು ತೂಗಿ ವಾಪಸ್ ಬಿಡುವ ನಿಯಮವಿದ್ದರೆ ಅದಕ್ಕೂ ತಯಾರಿ ಬೇಕು. ಕೈ ಒದ್ದೆ ಮಾಡಿಕೊಳ್ಳಿ. ಒಣ ಕೈ ಮೀನಿನ ಮೈಯ ಲೋಳೆ ಕಿತ್ತುಹಾಕುತ್ತದೆ, ಆಮೇಲೆ ಸೋಂಕು ತಗಲುತ್ತದೆ. ಮುಳ್ಳಿಲ್ಲದ ಗಾಳ ಬಳಸಿ. ತೂಗುವ ಜೋಲಿಯನ್ನು ಮೊದಲು ಒದ್ದೆ ಮಾಡಿ, ತಕ್ಕಡಿಯನ್ನು ಸೊನ್ನೆಗೆ ತಂದು, ಆಮೇಲೆ ಮೀನು ಇಡಿ. ಒದ್ದೆ ಜೋಲಿಯ ತೂಕ ಸೇರಿಸಿ ಹೇಳುವವರನ್ನು ತೀರ್ಪುಗಾರರು ಬೇಗ ಗುರುತಿಸುತ್ತಾರೆ.

ಮೀನನ್ನು ಜೀವಂತ ವಾಪಸ್ ಬಿಡುವುದು ಬರೀ ಸಂಭಾವಿತತನದ ಮಾತಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ಕಬಿನಿ ನದಿಯಲ್ಲಿ ಹಿಡಿದ ಮಹಸೀರ್ ಮೀನು 120 ಪೌಂಡ್ ತೂಗಿತು, ಸುಮಾರು 54 ಕಿಲೋ. ಕಾವೇರಿ ಕಣಿವೆಯ ಅದೇ ಡುಬ್ಬದ ಮಹಸೀರ್‌ಗೆ 2018ರಲ್ಲಿ ವಿಜ್ಞಾನಿಗಳು 'ಟಾರ್ ರೆಮಾದೇವಿ' ಎಂಬ ಹೆಸರು ಖಚಿತಪಡಿಸಿದರು. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು. ಬಿಟ್ಟುಬಿಡುವ ಶಿಸ್ತು ಕಾಟ್ಲಾದ ಮೇಲೆ ಕಲಿಯಿರಿ, ಮಹಸೀರ್ ಎದುರು ಬೇಕಾಗುತ್ತದೆ.

11. ಪೊವಾಯಿಯಲ್ಲಿ ನೀರಿಗೆ ಕಾಲಿಡಬೇಡಿ.

ಮೊಸಳೆಗಳಿವೆ. ದಡದಲ್ಲಿ ಮೀನು ಸೀಳಿ ತೊಳೆಯಲೂ ಬೇಡಿ. ಇದಕ್ಕೆ ಹೆಚ್ಚಿನ ವಿವರಣೆ ಬೇಕಿಲ್ಲ.

12. ಮುಂದಿನ ಜಾಗ ಈಗಲೇ ಗೊತ್ತುಮಾಡಿ.

ಪೊವಾಯಿಯಲ್ಲಿ ಕೈ ಕುದುರಿದ ಮೇಲೆ ಕೊಡಗಿನ ವಾಲ್ನೂರಿನ ಕಡೆ ನೋಡಿ. ಅಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಕಾವೇರಿಯಲ್ಲಿ ಗಾಳದ ಸ್ಪರ್ಧೆ ನಡೆಸಿದೆ, ಹಿಡಿದದ್ದನ್ನು ಬಿಡಲೇಬೇಕೆಂಬ ಷರತ್ತಿನ ಮೇಲೆ. ಕಂಪನಿ ನಿಮ್ಮನ್ನು ಶಿಕಾಗೊಗೋ ಮಿಲ್ವಾಕಿಗೋ ಕಳಿಸಿತೆನ್ನಿ, ರಾಡ್ ಹೊರಬೇಡಿ, ಶೀಟ್ ಒಯ್ಯಿರಿ. ಅಲ್ಲಿ ಚಾರ್ಟರ್ ದೋಣಿಯಲ್ಲಿ ರಾಡ್, ರೀಲ್, ಡೌನ್‌ರಿಗ್ಗರ್ ಎಲ್ಲವೂ ಇರುತ್ತದೆ. ಮೊದಲ ಸೀಸನ್ ಆ ಕ್ಯಾಪ್ಟನ್ ಪಕ್ಕದಲ್ಲಿ ನಿಂತು ಥರ್ಮಾಮೀಟರ್ ಓದುವುದನ್ನು ಕಲಿಯಿರಿ, ಟೂರ್ನಮೆಂಟಿಗೆ ಎರಡನೇ ಸೀಸನ್‌ನಲ್ಲಿ ಹೆಸರು ಕೊಡಿ. ದೋಣಿ ಹತ್ತುವ ಮೊದಲು ಆ ರಾಜ್ಯದ ಲೈಸೆನ್ಸ್ ಮಾಡಿಸಿ. ವಿಸ್ಕಾನ್ಸಿನ್‌ನಲ್ಲಾದರೆ ಲೈಸೆನ್ಸ್ ಒಂದೇ ಸಾಲದು, ಸಾಲ್ಮನ್ ಮತ್ತು ಟ್ರೌಟ್‌ಗೆ ಗ್ರೇಟ್ ಲೇಕ್ಸ್ ಸ್ಟ್ಯಾಂಪ್ ಬೇರೆಯೇ ಕೊಳ್ಳಬೇಕು.