ಪ್ರಾಸಿಕ್ಯೂಷನ್‌ನಿಂದ ಕರೆ ಬಂದರೆ: ಸಹಿಗೆ ಮುಂಚೆ ತಿಳಿದಿರಬೇಕಾದ್ದು

ದುಬೈ, ಅಬುಧಾಬಿ ಎರಡೂ ಕಡೆ ಅಪರಾಧ ಪ್ರಕರಣದ ತನಿಖೆ ಅಟಾರ್ನಿ ಜನರಲ್ ಅಧೀನದ ಪಬ್ಲಿಕ್ ಪ್ರಾಸಿಕ್ಯೂಷನ್‌ನದು. ಅದರ ಕ್ರಮ 2022ರ 38ನೇ ಫೆಡರಲ್ ಕಾನೂನಿನಲ್ಲಿದೆ. 2023ರ ಮಾರ್ಚ್ 1ರಿಂದ ಜಾರಿ. ಕರೆ ಬಂದರೆ ಹೆದರಿ ರೂಮಲ್ಲೇ ಕೂರಬೇಡಿ. ಹೋಗದಿದ್ದರೆ ಹಿಡಿದು ತರಲು ಆದೇಶ ಹೊರಡಬಹುದು.

1. ಕರೆ ನಿಜವಾ ನೋಡಿ. ಫೋನಲ್ಲಿ ಒಟಿಪಿ, ಪಿನ್ ಕೇಳುವವನು ಅಧಿಕಾರಿಯಲ್ಲ. ದುಬೈಯಲ್ಲಿದ್ದರೆ ಪೊಲೀಸರ 901ಕ್ಕೆ ಫೋನ್ ಮಾಡಿ ವಿಚಾರಿಸಿ.

2. ತನಿಖೆ ನಡೆಯುವುದು ಅರಬ್ಬಿಯಲ್ಲಿ. ಆ ಭಾಷೆ ಬಾರದವರಿಗೆ ದುಭಾಷಿ ಕೊಡಲೇಬೇಕು. ಕನ್ನಡದವರು ಸಿಗದಿದ್ದರೆ ಹಿಂದಿಯೋ ಮಲಯಾಳವೋ, ನಿಮಗೆ ಚೆನ್ನಾಗಿ ಬರುವ ಭಾಷೆ ಹೇಳಿ. ಅರ್ಧಂಬರ್ಧ ತಿಳಿದು ತಲೆಯಾಡಿಸಬೇಡಿ.

3. ನೀವು ಆರೋಪಿಯಾಗಿದ್ದರೆ ವಕೀಲರನ್ನು ಜೊತೆಗಿಟ್ಟುಕೊಳ್ಳಬಹುದು.

4. ಬಂಧಿಸಿದರೆ ಪೊಲೀಸರು 48 ಗಂಟೆಯೊಳಗೆ ಪ್ರಾಸಿಕ್ಯೂಷನ್‌ಗೆ ಒಪ್ಪಿಸಬೇಕು.

5. ಸಹಿ ಕೊನೆಗೆ. ಲೆಕ್ಕ ಬರೆಯುವ ನಾವು ಓದದ ವೋಚರಿಗೆ ಸಹಿ ಹಾಕಲ್ಲ. ಇಲ್ಲೂ ಅದೇ ನಿಯಮ. ನಿಮ್ಮ ಹೇಳಿಕೆಯನ್ನು ದುಭಾಷಿಯಿಂದ ಪೂರ್ತಿ ಓದಿಸಿ ಕೇಳಿ. ದಿನಾಂಕ, ಮೊತ್ತ, ಹೆಸರು ತಪ್ಪಿದ್ದರೆ ತಿದ್ದಿಸಿ, ಆಮೇಲೆ ಸಹಿ ಹಾಕಿ. "ಏನಿದೆ ಅಂತ ಗೊತ್ತಿರಲಿಲ್ಲ ಸಾರ್" ಅಂತ ಕೋರ್ಟಿನಲ್ಲಿ ಹೇಳಿದರೆ ನಂಬಿಸುವುದು ಕಷ್ಟ.

ಹೊರಡುವ ಮುಂಚೆ ಒಬ್ಬ ಸ್ನೇಹಿತರಿಗೆ ತಿಳಿಸಿ. ಸಹಾಯ ಬೇಕಾದರೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ನಂಬರ್: 800 46342.